ಪೈಪ್ ಕಿರುಚಿದರೆ ಗೋಣಿಚೀಲ ಸುತ್ತಬೇಡಿ, ಲೆಕ್ಕ ಹಾಕಿ

ನಾನು ಗಂಗಾವತಿಯ ಅಕ್ಕಿ ಮಿಲ್ಲುಗಳಲ್ಲಿ ಪೈಪ್ ಫಿಟ್ಟರ್. ಹೋದ ಬೇಸಿಗೆಯಲ್ಲಿ ಒಬ್ಬ ಸಾವ್ಕಾರ್ರು ಕರೆಸಿದರು. ಭತ್ತ ನೆನೆಹಾಕುವ ಟ್ಯಾಂಕಿನ ಬಿಸಿನೀರಿನ ಲೈನ್ ಕಿರುಚುತ್ತಿತ್ತು. "ಗೋಣಿಚೀಲ ಸುತ್ತಿಬಿಡಪ್ಪ" ಅಂದರು. "ಮೊದಲು ಲೆಕ್ಕ ಹಾಕೋಣ ಸಾವ್ಕಾರ್ರೇ" ಅಂದೆ.

ಮೊದಲು ನೀರಿನ ವೇಗ ನೋಡಿ. ಗಂಟೆಗೆ ಹೋಗುವ ಘನ ಮೀಟರ್ ನೀರನ್ನು 354ರಿಂದ ಗುಣಿಸಿ. ಪೈಪಿನ ಒಳವ್ಯಾಸದ ಮಿಲಿಮೀಟರನ್ನು ಅದರಿಂದಲೇ ಗುಣಿಸಿ, ಬಂದದ್ದರಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. ಅಲ್ಲಿ 50 ಘನ ಮೀಟರ್ ನೀರು, 3 ಇಂಚಿನ ಪೈಪ್, ಒಳಗೆ 78 ಮಿ.ಮೀ. ವೇಗ 2.9 ಬಂತು. ಒಳಗೆ 102 ಮಿ.ಮೀ. ಇರುವ 4 ಇಂಚಿನ ಪೈಪಾದರೆ 1.7.

ಇಷ್ಟೇ ವ್ಯತ್ಯಾಸವಾ ಅನ್ನಬೇಡಿ. ಬೆಂಡ್, ಟೀ, ವಾಲ್ವ್ ಹತ್ತಿರ ಸುಳಿಯಿಂದ ಹುಟ್ಟುವ ಸದ್ದು ಸುಮಾರು ವೇಗದ ಆರನೇ ಘಾತದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ 18 ಡೆಸಿಬೆಲ್ ಜಾಸ್ತಿ. 2.9ರಿಂದ 1.7ಕ್ಕೆ ಇಳಿಸಿದರೆ ಹೆಚ್ಚುಕಡಿಮೆ 14 ಕಡಿಮೆ.

ಆದರೆ ಕಂಕರ ಉರುಳಿದ ಹಾಗೆ ಸದ್ದು ಬಂದರೆ ಈ ಲೆಕ್ಕ ನಡೆಯುವುದಿಲ್ಲ. ಅರ್ಧ ಮುಚ್ಚಿದ ವಾಲ್ವಿನಲ್ಲಿ ಒತ್ತಡ ಬಿದ್ದು, ನೀರು ಅಲ್ಲೇ ಗುಳ್ಳೆಯಾಗಿ, ಮುಂದೆ ಹೋಗಿ ಒಡೆಯುತ್ತದೆ. ಇದು ಲೋಹವನ್ನೂ ತಿನ್ನುತ್ತದೆ. ಒತ್ತಡ ನೀರಿನ ಆವಿ ಒತ್ತಡಕ್ಕಿಂತ ಕೆಳಗೆ ಬಿದ್ದರೆ ನೀರು ಗುಳ್ಳೆಯಾಗುತ್ತದೆ. ಬಿಸಿನೀರಿಗೆ ಇದು ಬೇಗ ಬರುತ್ತದೆ: 30 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 0.04 ಬಾರ್, 80 ಡಿಗ್ರಿಯಲ್ಲಿ 0.47. ಗೇಟ್ ವಾಲ್ವನ್ನು ಅರ್ಧ ತೆರೆದು ನೀರಿನ ಹರಿವು ಕಡಿಮೆ ಮಾಡುವ ಅಭ್ಯಾಸ ದಯವಿಟ್ಟು ಬಿಡಿ. ಒತ್ತಡವನ್ನು ಎರಡು ಹಂತದಲ್ಲಿ ಇಳಿಸಿ.

ಇನ್ನು ಅಳತೆ. ವಾಲ್ವ್ ದಾಟಿ 1 ಮೀಟರ್ ಮುಂದೆ, ಪೈಪಿನಿಂದ 1 ಮೀಟರ್ ದೂರ ಸದ್ದು ಅಳೆಯುವ ಮೀಟರ್ ಹಿಡಿಯಿರಿ. ಮೀಟರಿನಲ್ಲಿ ಎ ವೇಟಿಂಗ್ (ನಮ್ಮ ಕಿವಿಗೆ ಕೇಳುವ ಹಾಗೆ ಅಳೆಯುವುದು), ಸ್ಲೋ (ಅಂಕಿ ಬೇಗ ಬೇಗ ಕುಣಿಯದ ಹಾಗೆ ತೋರಿಸುವುದು) ಇರಲಿ. ನೀರು ಹರಿಯುವಾಗ ಒಮ್ಮೆ, ಲೈನ್ ನಿಲ್ಲಿಸಿ ಇನ್ನೊಮ್ಮೆ. ನಮಗೆ 84 ಮತ್ತು 80 ಬಂತು. ಅಂದರೆ ಪೈಪಿನ ಪಾಲು 4 ಅಲ್ಲ, 81.8. ಡೆಸಿಬೆಲ್ ಸುಮ್ನೆ ಕಳೆಯುವ ಲೆಕ್ಕವಲ್ಲ. ವ್ಯತ್ಯಾಸ 10ಕ್ಕಿಂತ ಜಾಸ್ತಿ ಇದ್ದರೆ ತಿದ್ದುಪಡಿ ಬೇಡ, 3ಕ್ಕಿಂತ ಕಡಿಮೆ ಇದ್ದರೆ ಆ ಅಳತೆ ನಂಬಬೇಡಿ.

ಪೈಪ್ ಬದಲಿಸಿದ ಮೇಲೂ ಹಗಲಲ್ಲಿ ಮೀಟರ್ 80ರಿಂದ ಇಳಿಯುವುದಿಲ್ಲ, ಅದು ಬೇರೆ ಮಷೀನಿನ ಸದ್ದು. ಅದಕ್ಕೇ ನಿಂತ ಜಾಗಕ್ಕೆ ಪೇಂಟ್ ಗುರುತು ಹಾಕಿ ಬಂದೆ. ಮಿಲ್ ನಿಂತ ರಾತ್ರಿ, ಬರೀ ನೀರು ಬಿಟ್ಟು, ಅಲ್ಲೇ ನಿಂತು ಅಳೆಯಬೇಕು.