ದೊಡ್ಡ ರೈಟರ್ ಬರೆದಿಟ್ಟ ಒಂದು ಸಾಲು

ಆಲ್ದೂರು ಕಡೆಯ ಕಾಫಿ ತೋಟವೊಂದಕ್ಕೆ ರೈಟರ್ ಆಗಿ, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವನಾಗಿ ಸೇರಿದಾಗ ಬೋರರ್ ಎಂದರೆ ನನಗೆ ಪುಸ್ತಕದಲ್ಲಿ ಓದಿದ ಬಿಳಿ ಕಾಂಡಕೊರಕ, ಅಷ್ಟೇ. ಅದನ್ನು ಗಿಡದ ಮೇಲೆ ತೋರಿಸಿಕೊಟ್ಟವರು ದೊಡ್ಡ ರೈಟರ್. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆದರೂ ಒಂದೇ ಬುತ್ತಿಯ ಅಕ್ಕಿರೊಟ್ಟಿ ಹರಿದುಕೊಂಡು ತಿನ್ನುವಷ್ಟು ಸಲುಗೆಯಿತ್ತು.

"ಎಲೆ ನೋಡಬೇಡ. ಎಲೆ ಹಳದಿಯಾಗುವ ಹೊತ್ತಿಗೆ ಹುಳು ಉಂಡು ಮುಗಿಸಿರುತ್ತದೆ" ಎನ್ನುತ್ತಿದ್ದರು. ಅರೇಬಿಕಾ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಾಂಡದ ಮೇಲೆ ಅಂಗೈ ಆಡಿಸಬೇಕು. ಹುಳು ತೋಡಿದ ದಾರಿ ಉಬ್ಬುಗೆರೆಯಾಗಿ ಕೈಗೆ ತಾಗುತ್ತದೆ. ಮಳೆಗಾಲದಲ್ಲಿ ಹಾವಸೆ ಮೆತ್ತಿದ ಕಾಂಡಕ್ಕಂತೂ ಕಣ್ಣಿಗಿಂತ ಕೈಯೇ ವಾಸಿ. ನೆರಳು ತೆಳುವಾಗಿ ಬಿಸಿಲು ಬೀಳುವ ಜಾಗವನ್ನು ಮೊದಲು ನೋಡಬೇಕು. ಮಾರ್ಚ್‌ನಲ್ಲಿ ಒಂದು ಸುತ್ತು, ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಏಪ್ರಿಲ್-ಮೇ ತಿಂಗಳಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಹುಳು ದುಂಬಿಯಾಗಿ ಹೊರಬಂದು ತೊಗಟೆಯ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಅಷ್ಟರೊಳಗೆ ಹುಳು ಹಿಡಿದ ಗಿಡ ಬೆಂಕಿ ಸೇರಿರಬೇಕು.

ಕಲಿತೆನೆಂದು ಬೀಗಿದ್ದ ಮೂರನೆಯ ವರ್ಷ ನಾನು ಎಡವಿದೆ. ಎಸ್. 795 ಎಂಬ ಅರೇಬಿಕಾ ತಳಿಯ ಗಿಡವೊಂದರಲ್ಲಿ ಗೆರೆ ಸ್ಪಷ್ಟವಾಗಿಯೇ ಸಿಕ್ಕಿತು. ಆದರೆ ರೆಕ್ಕೆಗಳು, ಅಂದರೆ ಅಡ್ಡಕೊಂಬೆಗಳು, ಬಾಗುವಷ್ಟು ಕಾಯಿ! ಹಣ್ಣು ಕುಯ್ದ ಮೇಲೆ ಕಿತ್ತರಾಯಿತೆಂದು, ಯಾರಿಗೂ ಹೇಳದೆ ಮುಂದೆ ಹೋದೆ. ಮರುವರ್ಷ ಅದರ ಸುತ್ತಲಿನ ಆರು ಗಿಡಗಳಲ್ಲಿ ಹುಳು ಸಿಕ್ಕಿತು. ದೊಡ್ಡ ರೈಟರ್ ನಡುವಿನ ಗಿಡದ ಕಾಂಡದಲ್ಲಿ ದುಂಬಿ ಹೊರಬಿದ್ದ ರಂಧ್ರ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಆಳುಗಳನ್ನು ಬೇರೆ ಸಾಲಿಗೆ ಕಳುಹಿಸಿ, ಏಳನ್ನೂ ನನ್ನ ಕೈಯಿಂದಲೇ ಅಗೆಸಿದರು. ಬೈದಿದ್ದರೆ ಆ ವಾರದೊಳಗೆ ಮರೆಯುತ್ತಿದ್ದೆನೋ ಏನೋ.

ಈಗ ಸಾಲಿಗೊಬ್ಬರನ್ನು ಬಿಟ್ಟರೂ ಹಿಂದಿನಿಂದ ನಾನೊಮ್ಮೆ ಕೈಯಾಡಿಸುತ್ತೇನೆ. ಕಾಯಿ ತುಂಬಿದ ಗಿಡವೆಂದರೆ ಎರಡು ಸಲ.

ಹೋದ ವರ್ಷ ಅವರು ತೀರಿಕೊಂಡರು. ತಿಥಿ ಕಳೆದ ಮೇಲೆ ಅವರ ಮಗ, ಕಾಂಡ ಉಜ್ಜುವ ತೆಂಗಿನ ನಾರಿನ ಗವಸನ್ನೂ ಹಳೆಯ ಲೆಕ್ಕದ ಪುಸ್ತಕಗಳನ್ನೂ ತಂದುಕೊಟ್ಟ. ಆ ವರ್ಷದ ಪುಟ ಹುಡುಕಿದೆ. ಏಳು ಗಿಡ ಎಂದು ಬರೆದು, ಕಾರಣದ ಜಾಗದಲ್ಲಿ "ನನ್ನ ಕಣ್ತಪ್ಪು" ಎಂದಿತ್ತು. ಕೆಳಗೆ ಅವರ ಸಹಿ, ಪಕ್ಕದಲ್ಲಿ ತೋಟದ ಸಾಹುಕಾರರ ಕೆಂಪು ಶಾಯಿಯ ಗೆರೆ.

ಸಾಹುಕಾರರಿಗೆ ನಾನಿನ್ನೂ ಹೇಳಿಲ್ಲ.