ಹೊಲ ಹಂಚೋದು ಸಲೀಸು, ಹಂಡೆ ಹಂಚೋದೇ ಕಷ್ಟ: ನನ್ನ ಅನುಭವ

ಆಸ್ತಿ ಪಾಲು ಅಂದ ಕೂಡಲೇ ಎಲ್ಲರೂ ಹೊಲದ ಬಗ್ಗೆ ಹೆದರುತ್ತಾರೆ. ನಮ್ಮಲ್ಲಿ ಹೊಲಕ್ಕೆ ಜಗಳ ಆಗಲೇ ಇಲ್ಲ. ಹೊಲಕ್ಕೆ ಕಾನೂನಿದೆ, ಸರ್ವೆ ನಂಬರಿದೆ, ಎಕರೆ-ಗುಂಟೆ ಲೆಕ್ಕವಿದೆ. ಮಾತು ಬಿಸಿಯಾಗಿದ್ದು ಅವ್ವನ ತಾಮ್ರದ ಹಂಡೆ, ಬಣ್ಣದ ತೊಟ್ಟಿಲು ಮತ್ತು ಬೋರಮಾಳ ಅನ್ನೋ ಬಂಗಾರದ ಗುಂಡಿನ ಸರದ ಹತ್ತಿರ.

ನಮ್ಮೂರು ಜಮಖಂಡಿ ತಾಲ್ಲೂಕು. ನಾವು ನಾಲ್ಕು ಜನ ಮಕ್ಕಳು. ಅಣ್ಣ ಪುಣೆಯಲ್ಲಿದ್ದಾನೆ, ತಂಗಿಯನ್ನು ಅಥಣಿಗೆ ಕೊಟ್ಟಿದೆ, ತಮ್ಮ ಊರಲ್ಲೇ ಇದ್ದರೂ ಕಬ್ಬಿನ ತೋಟದಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ನಾನು ಬಾಗಲಕೋಟೆ ನವನಗರದಲ್ಲಿ. ಅವ್ವ ಹೋದ ಮೇಲೆ ಹಳೇ ಮನೆಗೆ ಬೀಗ ಬಿತ್ತು, ಕಾಗದದ ಫೈಲು ನನ್ನ ಕೈಗೆ ಬಂತು.

ಮೊದಲು ಹೊಲದ ಉತಾರ (ಪಹಣಿ) ತೆಗೆಸಿದೆ. ಅಪ್ಪನ ಹೆಸರೇ ಇತ್ತು. ಅಪ್ಪ ತೀರಿಕೊಂಡಿದ್ದು 2005ಕ್ಕಿಂತ ಮೊದಲು, ಅಂದಿನಿಂದ ಯಾರೂ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿರಲಿಲ್ಲ. ನಮ್ಮ ಕಡೆ ಇದು ಮಾಮೂಲು. ಮರಣ ಪ್ರಮಾಣಪತ್ರ ಕೊಟ್ಟು ನಾಡಕಚೇರಿಯಿಂದ ವಂಶಾವಳಿ ತಗೊಂಡೆವು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸಿದರೆ ಕೆಲಸ ಬೇಗ ಆಗುತ್ತೆ ಅಂತ ಸಲಹೆ ಕೊಡೋರು ಸಿಕ್ಕೇ ಸಿಗುತ್ತಾರೆ. ಕೇಳಬೇಡಿ, ಮುಂದೆ ಇಡೀ ವಾಟ್ನಿಯೇ (ಆಸ್ತಿ ಪಾಲು) ಕೋರ್ಟಿಗೆ ಹೋಗುತ್ತೆ. ಉತಾರದಲ್ಲಿ ಸೊಸೈಟಿ ಸಾಲದ ಬೋಜಾ (ಋಣಭಾರದ ನಮೂದು) ಕೂಡ ಇತ್ತು. ಸಾಲ ಎಂದೋ ತೀರಿದೆ, ಬೋಜಾ ಮಾತ್ರ ಯಾರೂ ಕಡಿಮೆ ಮಾಡಿಸಿಲ್ಲ. ಅದನ್ನು ತೆಗೆಸಿ, ಹೊಲ ತುಂಡಾಗುವುದರಿಂದ ತುಂಡುಗಳ ಅಳತೆ ತೋರಿಸುವ 11ಇ ನಕ್ಷೆಗೆ ಅರ್ಜಿ ಕೊಟ್ಟು, ಆಮೇಲೆ ವಾಟ್ನಿ ಪತ್ರ ನೋಂದಣಿ ಮಾಡಿಸಿದೆವು.

ಹೆಣ್ಣುಮಕ್ಕಳ ಪಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 'ಅಪ್ಪ 2005ಕ್ಕಿಂತ ಮೊದಲೇ ಹೋಗಿದ್ದಾರೆ, ನಿಮಗೆ ಪಾಲಿಲ್ಲ' ಅಂತ ಊರಲ್ಲಿ ಈಗಲೂ ಹೇಳುತ್ತಾರೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕಾಯ್ದೆ ಪ್ರಕಾರ ಆಗಿಹೋದ ವಾಟ್ನಿ, ಮಾರಾಟಗಳನ್ನು ಮಾತ್ರ ಮತ್ತೆ ಕೆದಕುವ ಹಾಗಿಲ್ಲ. ನಮ್ಮದು ಒಟ್ಟಿಗೇ ಇತ್ತು. ಆದರೂ ತಂಗಿ ಬಿಡುಗಡೆ ಪತ್ರ ಬರೆದುಕೊಡಲು ತಯಾರಾಗಿದ್ದಳು. "ನನಗ ತವರುಮನಿ ಬಾಗಿಲಾ ತೆರೆದಿದ್ರ ಸಾಕಕ್ಕಾ" ಅಂದಳು. ಬಾಗಿಲು ತೆರೆದಿರೋದಕ್ಕೂ ಪಾಲು ಬಿಡೋದಕ್ಕೂ ಏನು ಸಂಬಂಧ ಅಂತ ನನಗಂತೂ ಇವತ್ತಿಗೂ ತಿಳಿದಿಲ್ಲ. ಮೊದಲು ನಿನ್ನ ಹೆಸರಿಗೆ ಬರಲಿ, ಆಮೇಲೆ ಕೊಡಬೇಕು ಅನಿಸಿದರೆ ಕೊಡು ಅಂದೆ. ದಿನಕರ್ಮದ ಊಟ ಮುಗಿದ ಸಂಜೆಯೇ ಹೆಣ್ಣುಮಕ್ಕಳ ಸಹಿ ಹಾಕಿಸಿಕೊಳ್ಳುವ ರೂಢಿ ಇದೆಯಲ್ಲ, ಅದು ನಮ್ಮಲ್ಲಿ ಬೇಡ ಅಂತ ಅಣ್ಣನೂ ನನ್ನ ಪರ ನಿಂತ.

ಇನ್ನು ಸಾಮಾನು. ಒಂದು ಚಮಚವನ್ನೂ ಕದಲಿಸುವ ಮೊದಲು ಎಲ್ಲದರ ಫೋಟೋ ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಆಮೇಲೆ ಆಯೇರಿ ಭಾಂಡೆಗಳ (ಮದುವೆ ಉಡುಗೊರೆಯ ಪಾತ್ರೆ) ಮೇಲೆ ಕೆತ್ತಿದ ಹೆಸರು ಓದಿದೆವು. ಯಾರ ಮದುವೆಯಲ್ಲಿ ಯಾರು ಕೊಟ್ಟಿದ್ದು ಅಂತ ಅದರಲ್ಲೇ ಇರುತ್ತೆ, ಹಾಗಾಗಿ ಅರ್ಧ ಭಾಂಡೆ ತಾವೇ ತಮ್ಮ ಮನೆ ಸೇರಿದವು. ಉಳಿದದ್ದಕ್ಕೆ ನಾನು ಮಾಡಿದ ಉಪಾಯ ಇಷ್ಟೇ. ಪ್ರತಿಯೊಬ್ಬರೂ ತಮಗೆ ಬೇಕೇ ಬೇಕಾದ ಮೂರು ವಸ್ತು ಚೀಟಿಯಲ್ಲಿ ಬರೆಯಬೇಕು, ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಚೀಟಿ ಬಿಚ್ಚಿದಾಗ ಗೊತ್ತಾಯಿತು, ತಿಕ್ಕಾಟ ಇದ್ದದ್ದು ಮೂರಕ್ಕೆ ಮಾತ್ರ. ಅಲ್ಲಿಯವರೆಗೆ ಇಡೀ ಮನೆಗೇ ಜಗಳ ಇದ್ದಂತೆ ಕಾಣುತ್ತಿತ್ತು.

ಹಂಡೆ ತಂಗಿಗೂ ಬೇಕು, ವೈನಿಗೂ (ಅಣ್ಣನ ಹೆಂಡತಿ) ಬೇಕು. ವೈನಿಗೆ ಪುಣೆಯ ಫ್ಲಾಟಿನಲ್ಲಿ ಅದರೊಳಗೆ ಗಿಡ ಇಡುವ ಆಸೆ. ತಂಗಿಯ ಮನೆಯಲ್ಲಿ ಇನ್ನೂ ಬಚ್ಚಲ ಒಲೆ ಉರಿಯುತ್ತೆ. ನೀರು ಕಾಯಿಸುವವರಿಗೆ ಹಂಡೆ ಅಂತ ತೀರ್ಮಾನ ಆಯಿತು, ವೈನಿ ಹಿತ್ತಾಳೆ ಸಮೆ (ದೀಪದ ಕಂಬ) ತಗೊಂಡರು. ಸ್ವಲ್ಪ ಮುನಿಸಿಕೊಂಡೇ ತಗೊಂಡರು, ಇರಲಿ. ಕಲಘಟಗಿಯ ಆ ಬಣ್ಣದ ತೊಟ್ಟಿಲು ಯಾರ ಪಾಲಿಗೂ ಹೋಗಲಿಲ್ಲ. ಯಾವ ಮನೆಯಲ್ಲಿ ಕೂಸು ಹುಟ್ಟುತ್ತೋ ಆ ಮನೆಗೆ ಹೋಗಬೇಕು, ಮಿಕ್ಕ ದಿನ ತಮ್ಮನ ಅಟ್ಟದ ಮೇಲೆ. ಬೋರಮಾಳವನ್ನು ಕರಗಿಸಿ ಸಮ ಹಂಚೋಣ ಅಂದವನು ತಮ್ಮ. ಪತ್ತಾರರು (ಅಕ್ಕಸಾಲಿಗರು) ನಕ್ಕರು. ಬೋರಮಾಳದ ಗುಂಡಿನೊಳಗೆ ಅರಗು ತುಂಬಿರುತ್ತೆ, ಮೇಲೆ ತೆಳು ಬಂಗಾರ. ತೂಕ ನೋಡಿ ಲೆಕ್ಕ ಹಾಕಿದರೆ ಮೋಸ, ಕರಗಿಸಿದರೆ ಇದ್ದ ಸರವೂ ಇಲ್ಲ. ಅವರು ಕಟ್ಟಿದ ಬೆಲೆಗೆ ನಾನು ಇಟ್ಟುಕೊಂಡು, ಅವ್ವನ ಪಾಟಲಿ ಬಳೆಯಲ್ಲಿ ನನಗೆ ಬರಬೇಕಾದ್ದನ್ನು ಬಿಟ್ಟುಕೊಟ್ಟೆ. ಇನ್ನೊಂದು ಮಾತು. ಹಳೇ ಚೀಟಿಯಲ್ಲಿ ತೊಲ ಅಂತ ಬರೆದಿದ್ದರೆ ಅದು 11.66 ಗ್ರಾಂ, ಈಗ ಅಂಗಡಿಯವರು ಬಾಯಲ್ಲಿ ತೊಲ ಅನ್ನೋದು 10 ಗ್ರಾಮಿಗೆ.

ದೇವರ ಜಗಲಿ ಮೇಲಿನ ಮೂರ್ತಿಗಳನ್ನು ಪಾಲಿಗೆ ತರಲಿಲ್ಲ. ಜಾತ್ರೆಗೆ ನೈವೇದ್ಯ ಮಾಡುವವನು ತಮ್ಮ, ಅವನ ಮನೆಗೇ ಹೋದವು. ಹರಕು ಇಳಕಲ್ ಸೀರೆಗಳನ್ನು ಊರಿನ ಹೆಣ್ಣುಮಕ್ಕಳಿಗೆ ಕೊಟ್ಟು ಕೌದಿ ಹೊಲಿಸಿದೆವು. ತೂತು ಬಿದ್ದ ಕೊಡ, ಕೊಪ್ಪರಿಗೆ ಮೋಡಕಾ (ಗುಜರಿ) ಅಂಗಡಿಗೆ ಹೋದವು. ತಾಮ್ರ, ಹಿತ್ತಾಳೆ, ಕಂಚು ಬೇರೆ ಬೇರೆ ಮಾಡಿ ಒಯ್ಯಿರಿ, ಕೂಡಿಸಿ ಕೊಟ್ಟರೆ ಎಲ್ಲವೂ ಹಿತ್ತಾಳೆ ದರಕ್ಕೇ ಹೋಗುತ್ತೆ.

ಮನೆ ಮಣ್ಣಿನ ಮಾಳಿಗೆಯದು. ಪ್ರತಿ ವರ್ಷ ಮಳೆಗಾಲದ ಮುಂಚೆ ಮೇಲೆ ಮಣ್ಣು ಹಾಕಿಸದಿದ್ದರೆ ಸೋರುತ್ತೆ, ಸೋರಿದರೆ ಜಂತಿ ಕೊಳೆಯುತ್ತೆ. ನಾಲ್ಕು ಹೆಸರಲ್ಲಿ ಇಟ್ಟರೆ ಮಣ್ಣು ಹಾಕಿಸೋರು ಯಾರು? ಸಾಗವಾನಿ ಬಾಗಿಲು, ಕಂಬ ಕೇಳಿಕೊಂಡು ಊರೂರು ಅಲೆಯುವ ವ್ಯಾಪಾರಿಗಳು ನಮ್ಮಲ್ಲಿಗೂ ಬಂದಿದ್ದರು. ಕಂಬ ಕೊಟ್ಟ ಮೇಲೆ ಮನೆ ಎಲ್ಲಿ ಉಳಿಯುತ್ತೆ? ಕೊನೆಗೆ ಮನೆ ಪೂರ್ತಿ ತಮ್ಮನಿಗೆ ಹೋಯಿತು, ಅಷ್ಟಕ್ಕೆ ತಕ್ಕಂತೆ ಹೊಲದಲ್ಲಿ ಅವನ ಪಾಲು ಕಡಿಮೆ ಮಾಡಿದೆವು. ಪಂಚಾಯ್ತಿಯಲ್ಲಿ ಇ-ಸ್ವತ್ತು (ಹಳ್ಳಿ ಮನೆ-ಜಾಗದ ಆನ್‌ಲೈನ್ ಖಾತೆ) ಮಾಡಿಸಿ, ಅದರ ದಾಖಲೆಗಳಾದ ನಮೂನೆ 9, 11ಎ ಎರಡೂ ಅವನ ಹೆಸರಿಗೆ ಬಂದಿವೆ.

ಬಾಕಿ ಇರೋದು ಅಜ್ಜನ ಟ್ರಂಕು ಒಂದೇ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದ, ಸಾಲದ ವಹಿ, ಸಣ್ಣಾಟ ಅನ್ನೋ ಜಾನಪದ ನಾಟಕದ ಹಾಡು ಬರೆದ ಹರಕು ಪುಸ್ತಕ ಎಲ್ಲಾ ಇವೆ. ಜಮಖಂಡಿ ಸಂಸ್ಥಾನ ಇದ್ದ ಕಾಲದವು ಇರಬೇಕು. ನಮ್ಮಲ್ಲಿ ಯಾರಿಗೂ ಮೋಡಿ ಓದಲು ಬರೋದಿಲ್ಲ, ಅದಕ್ಕೇ ಯಾವುದನ್ನೂ ಎಸೆದಿಲ್ಲ. ಬಲ್ಲವರ ಕೈಯಲ್ಲಿ ಓದಿಸಿ, ಹೊಲದ ಕಾಗದ ಇದ್ದರೆ ತಮ್ಮನಿಗೆ ಕೊಡೋದು, ಮಿಕ್ಕದ್ದನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರಿಗೆ ತೋರಿಸೋದು ಅಂತ ಮಾತಾಗಿದೆ.