ವಡೆಯ ತೂತು ಕಪ್ಪಗಿರಬೇಕು: ಥುಲಿಯಮ್ ಕಣಗಳಿಂದ ಸೂಪರ್ ರೆಸಲ್ಯೂಷನ್

ಥುಲಿಯಮ್ ಎಂಬ ಲೋಹ ಬೆರೆತ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೀರಿ ನೀಲಿ ಬೆಳಕು ಸೂಸುತ್ತವೆ. ಅವನ್ನು ಬಳಸಿ ಸೂಕ್ಷ್ಮದರ್ಶಕದ ಸಾಮಾನ್ಯ ಮಿತಿಗಿಂತ ಚಿಕ್ಕದನ್ನು ನೋಡುವುದೇ ಇಲ್ಲಿನ ಸೂಪರ್ ರೆಸಲ್ಯೂಷನ್. 980 ನ್ಯಾನೊಮೀಟರ್ ಲೇಸರನ್ನು 1.4 ಎನ್‌ಎ (ಮಸೂರ ಬೆಳಕು ಹಿಡಿಯುವ ಕೋನದ ಅಳತೆ) ಇರುವ ಆಯಿಲ್ ಆಬ್ಜೆಕ್ಟಿವ್‌ನಲ್ಲಿ ಎಷ್ಟೇ ಚೊಕ್ಕವಾಗಿ ಫೋಕಸ್ ಮಾಡಿದರೂ ಚುಕ್ಕೆ ಸುಮಾರು 350 ನ್ಯಾ.ಮೀ. ಅಗಲವಾಗಿಯೇ ಉಳಿಯುತ್ತದೆ. ಅದರ ಮೇಲೆ 808 ನ್ಯಾ.ಮೀ.ನ ಇನ್ನೊಂದು ಲೇಸರನ್ನು ಉದ್ದಿನವಡೆಯ ಆಕಾರದಲ್ಲಿ ಕೂರಿಸುತ್ತೇನೆ. ವಡೆ ಬಿದ್ದ ಕಡೆ ಕಣದ 455 ನ್ಯಾ.ಮೀ. ನೀಲಿ ಬೆಳಕು ಆರುತ್ತದೆ, ತೂತಿನೊಳಗಿನದು ಮಾತ್ರ ಉಳಿಯುತ್ತದೆ. ಸಿಡ್ನಿಯ ಸಂಶೋಧಕರು 2017ರಲ್ಲಿ ಇದೇ ದಾರಿಯಲ್ಲಿ 28 ನ್ಯಾ.ಮೀ. ತಲುಪಿದರು.

ಕಣದಲ್ಲಿ ಥುಲಿಯಮ್ 8% ಇರಬೇಕು. 1% ಇದ್ದರೆ 808 ಬಿಟ್ಟರೂ ನೀಲಿ ಬೆಳಕು ಕದಲುವುದಿಲ್ಲ. ಅಯಾನುಗಳು ಒತ್ತೊತ್ತಾಗಿದ್ದಾಗ ಮಾತ್ರ ಒಂದರ ಶಕ್ತಿ ಇನ್ನೊಂದಕ್ಕೆ ಹಂಚಿಹೋಗಿ ನಡುವಣ ಮಟ್ಟ ತುಂಬಿಕೊಳ್ಳುತ್ತದೆ. 808 ಅದನ್ನು ಅಲ್ಲಿಂದಲೇ ಕೆಳಗಿಳಿಸುತ್ತದೆ, ನೀಲಿಯ ಮಟ್ಟಕ್ಕೆ ಏರಲು ಏನೂ ಉಳಿಯುವುದಿಲ್ಲ.

ಕಣ ತಯಾರಿಸಲು ನನ್ನ ಅಳತೆ: ಇಟ್ರಿಯಮ್, ಇಟರ್ಬಿಯಮ್, ಥುಲಿಯಮ್ ಕ್ಲೋರೈಡುಗಳು 72:20:8ರಂತೆ ಒಟ್ಟು 1 ಮಿಲಿಮೋಲ್, ಓಲಿಯಿಕ್ ಆಮ್ಲ 6 ಮಿ.ಲೀ., ಆಕ್ಟಡಿಸೀನ್ 15 ಮಿ.ಲೀ. ಆರ್ಗಾನ್ ಹರಿಸುತ್ತ 150 ಡಿಗ್ರಿಯಲ್ಲಿ ಅರ್ಧ ಗಂಟೆ. ತಣಿದ ಮೇಲೆ ಮೆಥನಾಲ್‌ನಲ್ಲಿ ಕರಗಿಸಿದ ಸೋಡಿಯಂ ಹೈಡ್ರಾಕ್ಸೈಡ್ 2.5, ಅಮೋನಿಯಂ ಫ್ಲೋರೈಡ್ 4 ಮಿಲಿಮೋಲ್. ಮೆಥನಾಲ್ ಪೂರ್ತಿ ಹೋಗುವ ತನಕ ಉರಿ ಏರಿಸಬೇಡಿ, ಫ್ಲಾಸ್ಕ್ ಉಕ್ಕಿ ಬರುತ್ತದೆ. ಆಮೇಲೆ 300 ಡಿಗ್ರಿಯಲ್ಲಿ ಒಂದೂವರೆ ಗಂಟೆ. ಇಲ್ಲಿ ಅವಸರಪಟ್ಟರೆ ಷಡ್ಭುಜ ಹರಳಿನ ಬದಲು ಘನಾಕಾರದ ಹರಳು ಉಳಿದು ಬೆಳಕು ಮಂಕಾಗುತ್ತದೆ.

ಹೆಚ್ಚು ದಿನ ತಿನ್ನುವುದು ವಡೆ. ರೆಸಲ್ಯೂಷನ್ ಬರದಿದ್ದಾಗ ಎಲ್ಲರೂ 808ರ ಪವರ್ ಏರಿಸುತ್ತಾರೆ. ತಪ್ಪಿರುವುದು ಸಾಮಾನ್ಯವಾಗಿ ತೂತಿನಲ್ಲಿ. ತೂತಿನಲ್ಲಿ ಬೆಳಕು ಸೋರುತ್ತಿದ್ದರೆ ಪವರ್ ಏರಿಸಿದಷ್ಟೂ ನಡುವಣ ಕಣವೂ ಆರುತ್ತದೆ. ಪರೀಕ್ಷೆಗೆ ಕವರ್‌ಸ್ಲಿಪ್ ಮೇಲೆ 80 ನ್ಯಾ.ಮೀ. ಚಿನ್ನದ ಕಣಗಳನ್ನು ಚದುರಿಸಿ, ಮೇಲೊಂದು ಹನಿ ಇಮ್ಮರ್ಶನ್ ಆಯಿಲ್ ಹಾಕಿ. ಎಣ್ಣೆ ಇಲ್ಲದಿದ್ದರೆ ಗಾಜಿನ ಪ್ರತಿಫಲನವೇ ತೂತನ್ನು ತುಂಬಿದಂತೆ ತೋರಿಸಿ ದಾರಿ ತಪ್ಪಿಸುತ್ತದೆ. ಕಣದ ಬೆಳಕನ್ನಷ್ಟೇ ಬಿಡುವ ಎಮಿಶನ್ ಫಿಲ್ಟರ್ ತೆಗೆದು ಎರಡೂ ಲೇಸರುಗಳ ಚದುರಿದ ಬೆಳಕನ್ನು ಬೇರೆಬೇರೆಯಾಗಿ ಸ್ಕ್ಯಾನ್ ಮಾಡಿ. ತೂತಿನ ಬೆಳಕು ಅಂಚಿನ ಗರಿಷ್ಠದ 2%ಕ್ಕಿಂತ ಕಡಿಮೆ ಇರಲಿ. ಹೆಚ್ಚಿದ್ದರೆ ಬೆಳಕಿನ ಧ್ರುವೀಕರಣ ಬದಲಿಸುವ ಕ್ವಾರ್ಟರ್ ವೇವ್ ಪ್ಲೇಟನ್ನು 90 ಡಿಗ್ರಿ ತಿರುಗಿಸಿ ನೋಡಿ: ವೃತ್ತೀಯ ಧ್ರುವೀಕರಣದ ದಿಕ್ಕು, ವಡೆಯ ಆಕಾರ ಕೊಡುವ ವೋರ್ಟೆಕ್ಸ್ ಪ್ಲೇಟಿನ ಸುತ್ತಿಗೆ ಉಲ್ಟಾ ಇದ್ದರೆ ನಡುವೆ ಬೆಳಕು ಬಂದೇ ಬರುತ್ತದೆ. ಕೆಲವು ಬಣ್ಣ ಹಾಯಿಸಿ ಕೆಲವನ್ನು ಪ್ರತಿಫಲಿಸುವ ಡೈಕ್ರೋಯಿಕ್ ಕನ್ನಡಿಗಳೂ ಧ್ರುವೀಕರಣ ಕೆಡಿಸುತ್ತವೆ, ಹಾಗಾಗಿ ಕ್ವಾರ್ಟರ್ ವೇವ್ ಪ್ಲೇಟನ್ನು ಆಬ್ಜೆಕ್ಟಿವ್‌ಗೆ ಹತ್ತಿರ ಇಟ್ಟಿದ್ದೇನೆ. ಆಮೇಲೆ ಆಳದ ದಿಕ್ಕಿನಲ್ಲೂ ಎರಡು ಫೋಕಸ್ ಕೂಡುತ್ತವೆಯೇ ನೋಡಬೇಕು, ಬಣ್ಣ ಬೇರೆಯಾದ್ದರಿಂದ ಅಲ್ಲೂ ತಪ್ಪುತ್ತದೆ.

ಇನ್ನು ವೇಗ. ಈ ಕಣಗಳ ಬೆಳಕು ಏರಿ ಇಳಿಯಲು ನೂರಾರು ಮೈಕ್ರೋಸೆಕೆಂಡ್ ಬೇಕು. ಮಾಮೂಲಿ ಹೊಳೆಯುವ ಬಣ್ಣಗಳನ್ನು (ಡೈ) ಸ್ಕ್ಯಾನ್ ಮಾಡುವ ವೇಗದಲ್ಲಿ ಓಡಿಸಿದರೆ ಪ್ರತಿ ಚುಕ್ಕೆಗೂ ಬಾಲ ಮೂಡುತ್ತದೆ. ನಾನು ಪಿಕ್ಸೆಲ್‌ಗೆ 4 ಮಿಲಿಸೆಕೆಂಡ್ ಕೊಡುತ್ತೇನೆ. 10 ನ್ಯಾ.ಮೀ. ಪಿಕ್ಸೆಲ್‌ನಲ್ಲಿ 1 ಮೈಕ್ರಾನ್ ಚೌಕಕ್ಕೆ 40 ಸೆಕೆಂಡು, 5 ಮೈಕ್ರಾನ್ ಚೌಕಕ್ಕೆ ಸುಮಾರು 17 ನಿಮಿಷ. ಅಷ್ಟರಲ್ಲಿ ಸ್ಟೇಜ್ ಜರುಗಿರುತ್ತದೆ. ಮೊದಲು ದೊಡ್ಡ ಚೌಕವನ್ನು ಒರಟಾಗಿ ನೋಡಿ, ಬೇಕಾದ ಜಾಗವನ್ನಷ್ಟೇ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ. ಕಣಗಳು ಬಣ್ಣ ಕಳೆದುಕೊಳ್ಳುವುದಿಲ್ಲ, ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಸರಿ.

ಕೊನೆಗೆ 980 ಆರಿಸಿ, 808 ಒಂದನ್ನೇ ಬಿಟ್ಟು ಫೋಟಾನ್ ಎಣಿಕೆ ನೋಡಿ. ಅಷ್ಟರಲ್ಲೂ ಬೆಳಕು ಕಂಡರೆ ಅದು ಕಣದ್ದೋ ಫಿಲ್ಟರಿನಲ್ಲಿ ಸೋರಿದ್ದೋ ಎಂದು ಖಾಲಿ ಗಾಜಿನ ಮೇಲೆ ತಾಳೆ ನೋಡಿ, ಆ ಹಿನ್ನೆಲೆಯನ್ನು ಚಿತ್ರದಿಂದ ಕಳೆಯಬೇಕು.